ಖಾಜಾಬನಿಯ ಗೆರೆ

ಬೋರ್ಡಿನ ಮೇಲೆ ಗುಡ್ಡ ಬರೆದೆ.
ಈ ಕಡೆ ಏರು, ಆ ಕಡೆ ಇಳಿಜಾರು, ನೆತ್ತಿಗೊಂದು ಚುಕ್ಕೆ.
ಕಥೆ ಅಂದರೆ ಇಷ್ಟೇ ಅಂದೆ, ಬಿ.ಎ. ಎರಡನೇ ವರ್ಷಕ್ಕೆ:
ನೆಟ್ಟಗಿದ್ದದ್ದು ಕೆಡುತ್ತದೆ, ಕೆಟ್ಟದ್ದು ಬಿಗಿಯುತ್ತದೆ,
ಬಿಗಿದದ್ದು ಕಟ್ಟಕಡೆಗೆ ಪಟ್ಟನೆ ಹರಿಯುತ್ತದೆ.
'ಮುಂದೇನು' ಅನ್ನುವ ಒಂದೇ ಹಸಿವು
ಮನುಷ್ಯನನ್ನು ಎರಡೂವರೆ ತಾಸು ಕುರ್ಚಿಗೆ ಕಟ್ಟುತ್ತದೆ.
ಯಾವ ಸಿನಿಮಾ ಬೇಕಾದರೂ ತನ್ನಿ, ಕೂರಿಸಿ ತೋರಿಸುತ್ತೇನೆ.

ಸಿಂಧನೂರಿನ ಏಪ್ರಿಲ್.
ಫ್ಯಾನು ಸಿದ್ಧಾಂತಕ್ಕಿಂತ ನಿಧಾನ.
ಕಡೇ ಬೆಂಚಿನ ಮೌಲಾಲಿ ಎದ್ದ:
"ಸರ, ಗುಡ್ಡ ಬೋರಲು ಬರ್ದೀರಿ.
ನಮ್ಮ ನಾನಿ ಗ್ವಾಡಿ ಮ್ಯಾಲ ಅದು ತಗ್ಗು ಆಗ್ಯದ."

ಗ್ವಾಡಿ ಅಂದರೆ ಟಾಕೀಸಿನ ಹಿಂಗೋಡೆ,
ಗಂಗಾವತಿ ರಸ್ತೆಗೆ ಬೆನ್ನು ಮಾಡಿ ನಿಂತದ್ದು.
ಒಳಗೀಗ ಪರದೆಯಿಲ್ಲ, ಸೋನಾ ಮಸೂರಿ ಚೀಲ;
ಬಾಲ್ಕನಿಯಲ್ಲಿ ಹೆಗ್ಗಣ, ಅವಕ್ಕೆ ದಿನಾ ಫಸ್ಟ್ ಷೋ.
ಅದೇ ಗೋಡೆಗೆ ಆನಿಕೊಂಡು
ಮೂವತ್ತೊಂದು ವರ್ಷ ಮಿರ್ಚಿ ಕರಿದವಳು ಖಾಜಾಬನಿ.
ಒಂದು ಟಿಕೀಟೂ ಹರಿಸಿದವಳಲ್ಲ.
ಅವಳ ಪಾಲಿಗೆ ಹೀರೋ ಅಂದರೆ ಬೆಳಕಿಂಡಿಯಿಂದ ಬರುವ ಗಂಟಲು,
ವಿಲನ್ನು ಒಂದು ಕೆಮ್ಮು,
ಹೀರೋಯಿನ್ನು ಬಳೆಯ ಸಪ್ಪಳ.

ಅಕ್ಷರ ಬಾರದು.
ಒಂದು ಬಾಣಲೆ ಇಳಿದರೆ ಇದ್ದಲಿಯಿಂದ ಒಂದು ಗೆರೆ.
ಗೆರೆ ದಟ್ಟವಾದಲ್ಲಿ ಡ್ಯುಯೆಟ್ಟು.
ಗೆರೆ ನಿಂತಲ್ಲಿ ಒಳಗೆ ಯಾರೋ ಯಾರನ್ನೋ 'ಅಮ್ಮಾ' ಅಂದಿದ್ದಾರೆ.
ನನ್ನ ಚುಕ್ಕೆಯ ಜಾಗದಲ್ಲಿ
ಅವಳ ಎಣ್ಣೆ ತಣ್ಣಗೆ, ಕೈ ಮಡಿಲಲ್ಲಿ.

"ಮುಂದೇನು ಅನ್ನೋರು ಮೊದಲನೇ ವಾರಕ್ಕ ಮುಗೀತಾರಿ.
ಐವತ್ತನೇ ದಿನ ಬರೋರಿಗೆ ಎಲ್ಲಾ ಗೊತ್ತಿರತದ.
ಫೈಟಿಗೆ ಎದ್ದು ಬರತಾರ, ಉಳ್ಳಾಗಡ್ಡಿ ಕೇಳತಾರ,
ತಾಯಿ ಮಗನ ಗುರುತು ಹಿಡಿಯೋ ಹೊತ್ತಿಗೆ
ಅರ್ಧ ಮಿರ್ಚಿ ಕೈಯಾಗ ಹಿಡಕೊಂಡು ಒಳಗ ಓಡತಾರ.
ಗೊತ್ತಿದ್ದದ್ದು ಮತ್ತ ಆಗೋದು ನೋಡಾಕ.
ಅದಕ್ಕ ಏನಂತಾರ್ರೀ ನಿಮ್ಮ ಪುಸ್ತಕದಾಗ?"

ಪುಸ್ತಕದಲ್ಲಿ ಏನೋ ಅಂದಿರಬೇಕು. ನೆನಪಾಗಲಿಲ್ಲ.

ಬೆರಳು ಗೆರೆಗಳ ಮೇಲೆ ಸರಿಯುತ್ತ ಸರಿಯುತ್ತ
ಗೇಣುದ್ದ ಖಾಲಿ ಸುಣ್ಣಕ್ಕೆ ಬಂತು.

ಆವತ್ತು ಆಪರೇಟರ್ ದಸ್ತಗೀರನಿಗೆ ಜ್ವರ.
ಒಂಬತ್ತನೇ ಡಬ್ಬಿ ಮೊದಲು, ಏಳನೆಯದು ಆಮೇಲೆ ಓಡಿಸಿಬಿಟ್ಟ.
ಒಂಬತ್ತರಲ್ಲಿ ಗುಂಡು ತಗುಲಿ ಸತ್ತ ತಮ್ಮ
ಏಳರಲ್ಲಿ ಬಂದು, ಅಂಗಳದಲ್ಲಿ ಚಪ್ಪಲಿ ಬಿಟ್ಟು,
"ಅಕ್ಕಾ, ಹಸಿವು. ಬೇಗ ಬಡಿಸು" ಅಂದ.
ಒಬ್ಬರೂ ಸೀಟಿ ಹೊಡೆಯಲಿಲ್ಲ. ಕುರ್ಚಿ ಮುರಿಯಲಿಲ್ಲ.
ಮಾರನೇ ದಿನ ಗೇಟಿಗೆ ಬಂದು
ಹಂಗೇ ಹಾಕ್ರಿ ಅಂತ ಕೇಳಿದರಂತೆ ನಾಲ್ಕಾರು ಮಂದಿ.
ಮ್ಯಾನೇಜರು ಒಪ್ಪಲಿಲ್ಲ.

ಅವಳ ತಮ್ಮ ಚಾಂದ ಎಡದಂಡೆ ಕಾಲುವೆಗೆ ಬಿದ್ದು
ಆಗ ಹನ್ನೆರಡು ದಿನ.
ಇದನ್ನು ಅವಳು ಹೇಳಲಿಲ್ಲ,
ಮೌಲಾಲಿ ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ.
ಅವಳು ಅಂದದ್ದು ಇಷ್ಟು:
"ಆ ಬಾಣಲಿ ಹೊತ್ತಿ ಹೋತು.
ಹೊತ್ತಿದ್ದಕ್ಕ ಗೆರಿ ಹಾಕಂಗಿಲ್ಲ."

ನನ್ನ ಗುಡ್ಡ ಜೇಬಿನಲ್ಲೇ ಇತ್ತು, ನೋಟ್ಸಿನ ಮಡಿಕೆಯಲ್ಲಿ.
ಒಳಗೆ ಹಮಾಲರು ಚೀಲ ಒಗೆಯುತ್ತಿದ್ದರು;
ಒಂದೊಂದು ಚೀಲಕ್ಕೂ ಟಾಕೀಸು
'ಹೂಂ' ಅನ್ನುತ್ತಿತ್ತು, ಕಥೆ ಕೇಳುವ ಮಗುವಿನ ಹಾಗೆ.
"ಇದಕ್ಕ ಇಂಟರ್ನಲ್ ಮಾರ್ಕ್ಸ್ ಅದಾವೇನ್ರಿ ಸರ?"
ಮೌಲಾಲಿ ಮೆಲ್ಲಗೆ ಕೇಳಿದ.

ನಾಲ್ಕು ಮಿರ್ಚಿ ತಿಂದೆ. ಕಣ್ಣಲ್ಲಿ ನೀರು, ಕಾಯಿ ಖಾರದ್ದು.
ಇಪ್ಪತ್ತು ರೂಪಾಯಿ ಸೆರಗಿಗೆ ಕಟ್ಟಿಕೊಂಡು
ಖಾಜಾಬನಿ ಇದ್ದಲಿ ಚೂರು ಎತ್ತಿದಳು,
ನನ್ನ ಲೆಕ್ಕಕ್ಕೂ ಒಂದು ಎಳೆದಳು,
ಒಳಗೆ ನಡೆಯುತ್ತಿದ್ದುದನ್ನು ಬಿಟ್ಟು
ಎದ್ದು ಬಂದವರ ಸಾಲಿನಲ್ಲಿ.