ಲೈನ್ ಖಾಲಿ ಅದ

ದುಧನಿ ದಾಟಿದ ಮ್ಯಾಲ ಎಡಕ್ಕೊಂದು ಬೇವಿನಗಿಡ,
ಅದರ ಬುಡಕ್ಕ ನನ್ನ ಕೋಣಿ.
ಒಂದು ಫೋನು, ಎರಡು ನಿಶಾನಿ, ನೀರಿನ ಹರವಿ,
ಹೊರಗ ಎಣ್ಣಿ ಕುಡದ ಹಿಡಿಕಿ.
ಹನ್ನೊಂದು ವರ್ಷ ತಿರುವೀನಿ ಅದನ್ನ.

ಸೋಲಾಪುರದ ಡಾಕ್ಟರಬಾಯಿ ಕಾಗದ ಓದಿದಳು:
ಮುಂಜಾನೆ ಎಂಟಕ್ಕ ತಗೊಂಡ ರಕ್ತ,
ರಾತ್ರಿ ಹನ್ನೊಂದಕ್ಕ ತಗೊಂಡ ಉಗುಳು.
"ಹೊತ್ತು ಹೊಂಡೂ ಮುಂದ ಏರಬೇಕು ಇದು, ಸಂಜಿಗೆ ಇಳೀಬೇಕು.
ನಿಮ್ಮದು ನೋಡ್ರಿ" ಅಂತ ಪೆನ್ನಿಲೆ ಒಂದು ಗೀಟು ಎಳದಳು.
ಏರಿಲ್ಲ, ಇಳುಕಲಿಲ್ಲ,
ನಮ್ಮ ಹಳಿಯಂಗ ಸಪಾಟ.
"ಕಾರ್ಟಿಸೋಲ್ ಅಂತಾರ. ಮೂತ್ರಪಿಂಡದ ತಲಿ ಮ್ಯಾಲ
ಟೊಪಿಗಿ ಇಟ್ಟಂಗ ಎರಡು ಗ್ರಂಥಿ, ಅಲ್ಲಿಂದ ಬರ್ತದ."
ನಾ ನಡ ಮುಟ್ಟಿ ನೋಡಿಕೊಂಡೆ.
ಟೊಪಿಗಿ ಹಾಕ್ಕೊಂಡ ಇಬ್ಬರು ಇಷ್ಟು ದಿನ ನನ್ನೊಳಗ
ಪಗಾರಿಲ್ಲದ, ರಜಾ ಇಲ್ಲದ ಡ್ಯೂಟಿ ಮಾಡ್ಯಾರ,
ನನಗ ಗೊತ್ತೇ ಇಲ್ಲ.

"ಏನರ ಆಗಿತ್ತೇನು?"
ಏನೂ ಆಗಿಲ್ಲ ಅಂದೆ.
ಖರೇನೇ ಏನೂ ಆಗಿಲ್ಲ.
ಮೂರು ವರ್ಷದ ಹಿಂದ, ಕಬ್ಬಿನ ಹಂಗಾಮು,
ಸಿಮೆಂಟಿನ ಮಾಲಗಾಡಿ ಬರೋ ಹೊತ್ತು,
ಗೇಟಿನ ಕೆಳಗ ನುಸುಳಿದ ಒಬ್ಬ ಹುಡುಗ.
ಹಳಿ ಸಂದಿಗೆ ಚಪ್ಪಲಿ ಸಿಕ್ಕಿತು.
ಚಪ್ಪಲಿ ಬಿಟ್ಟ, ದಾಟಿದ, ಆ ಕಡೆ ನಿಂತು ನಕ್ಕ.
ಗಾಡಿ ಹೋತು. ಐವತ್ತೆಂಟು ಡಬ್ಬಿ, ಎಣಸೀನಿ.
ಚಪ್ಪಲಿನೂ ಸಿಕ್ಕಿತು, ಉಂಗುಟ ಹರದಿತ್ತು, ಅಷ್ಟೇ.

ಅವಗ ಈಗ ಮೀಸಿ ಬಂದಿರಬೇಕು.
ನನ್ನ ಎದಿ ಇನ್ನೂ ಆ ಹಿಡಿಕಿ ಹಿಡಕೊಂಡೇ ನಿಂತದ.

ಮೈಗೂ ಒಂದು ಗೇಟ ಅದ.
ಹೆದರಿಕಿ ಬರೂ ಮುಂದ ದಾರಿ ಬಂದ ಮಾಡ್ತದ:
ಉಂಡದ್ದು ಅಲ್ಲೇ ನಿಲ್ಲು, ನಿದ್ದಿ ಹಿಂದ ಸರಿ,
ತಿಂಗಳ ನೆತ್ತರಾ, ನೀ ಆಮ್ಯಾಲ ಬಾ.
ಇದ್ದಬದ್ದ ಬೆಲ್ಲ ರಕ್ತಕ್ಕ ಸುರುವು, ಕಾಲಿಗೆ ಕೊಡು, ಓಡಲಿ.
ನ್ಯಾಯಾನ ಅದು.
ಗಾಡಿ ಬರೋ ಹೊತ್ತಿನ್ಯಾಗ ಯಾರು ಸಂತಿಗೆ ಹೊಂಟಾರು?
ಆದ್ರ ಗಾಡಿ ಹೋದ ಮ್ಯಾಲ ಫೋನ ಬರಬೇಕಲ್ಲ,
"ಲೈನ್ ಖಾಲಿ ಅದ, ಗೇಟ ತಗೀರಿ" ಅಂತ
ಯಾರರ ಒಬ್ಬರು ಹೇಳಬೇಕಲ್ಲ.

ಮೂರು ವರ್ಷ ಆತು, ಬಂದಿಲ್ಲ.
ಓಡದ ಕಾಲಿಗೆ ಸುರುವಿದ ಬೆಲ್ಲ
ನಡದ ಸುತ್ತ ಕೊಬ್ಬಾಗಿ ಕುಂತದ,
ಉಳಿದದ್ದು ಸಕ್ರಿ ರಿಪೋರ್ಟಿನ್ಯಾಗ ಕೆಂಪು ಗೆರಿ.
ಮಧ್ಯಾಹ್ನ ರೊಟ್ಟಿ ಬಡಿಯೋ ಕೈ
ಪರಾತದಾಗೇ ಸೋತು ಬೀಳ್ತದ.
ರಾತ್ರಿ ಮೂರಕ್ಕ ಕಣ್ಣು
ಸಿಗ್ನಲ್ ದೀಪದಂಗ ಉರೀತದ.
ನೆಗೆಣ್ಣಿ ಚಂದಮ್ಮ ಮೈಗಳ್ಳಿ ಅಂತಾಳ.
ಅಂದ್ರ ಅನ್ನಲಿ.
ಕುಕ್ಕರಿನ ಸೀಟಿಗೆ ಬೆವರು ಬರೋ ಹೆಂಗಸಿಗೆ
ಆಕಿ ಬ್ಯಾರೆ ಏನಂತಾಳ?

"ಗ್ರಂಥಿ ಸೋತಾವೇನ್ರಿ, ಬಾಯಿ?"
"ಸೋತಿಲ್ಲವ್ವ. ಮನಿಗೆ ಹೋಗ್ರಿ ಅಂತ
ಅವಕ್ಕ ಯಾರೂ ಹೇಳಿಲ್ಲ."
ಗುಳಿಗಿ ಒಂದೇ ಬರದಳು.
ರಾತ್ರಿ ಪಾಳಿ ಬಿಡಿಸಬೇಕು ಅಂತ ಒಂದು ಚೀಟಿ.
ಇದನ್ನ ಸಾಹೇಬರು ಓದತಾರೇನು ಅಂದೆ.
ಆಕಿ ಮಾತಾಡಲಿಲ್ಲ.
ಆಕಿ ಕಣ್ಣಿನ ಕೆಳಗೂ ಕಪ್ಪಿತ್ತು.

ವಾಪಸ್ ಬರೋ ವಡಾಪ್ ಜೀಪು
ನನ್ನ ಗೇಟಿಗೇ ಬಂದು ನಿಂತಿತು.
ಬದಲಿ ಆಳು ಧಾನಪ್ಪ ಹಿಡಿಕಿ ತಿರುವತಿದ್ದ.
ಹನ್ನೊಂದು ವರ್ಷದಾಗ ಮೊದಲ ಸಲ ನಾ ಈ ಕಡೆ.
ಹಾರ್ನು ಹೊಡದರು. ಮರಾಠಿಯೊಳಗ ಬೈದರು,
ಸಾಲಲಿಲ್ಲ ಅಂತ ಕನ್ನಡದಾಗೂ ಬೈದರು.
ಆ ಬೈಗುಳ ನನಗಲ್ಲ.
ಯಾರದೋ ತೊಗರಿ ಚೀಲದ ಮ್ಯಾಲ ತಲಿ ಇಟ್ಟೆ.
ಗಾಡಿ ಬಂತೋ, ಎಷ್ಟು ಡಬ್ಬಿ ಇದ್ದವೋ,
ಎಣಸಲಿಲ್ಲ.

ಪಕ್ಕದ ಮುದುಕಿ ಮೊಣಕೈಲೆ ತಿವಿದಳಂತ,
"ಏಳ ಯವ್ವಾ, ಗೇಟ ತಗದಾರ."
"ತಗೀಲಿ ತಗೋ" ಅಂದೆನಂತ ನಾನು.
ಊರು ಮುಟ್ಟಿದ ಮ್ಯಾಲ ಆಕಿನೇ ಹೇಳಿದ್ದು.
ನನಗ ನೆನಪಿಲ್ಲ.