ಮೂರನೇ ಕೋಣೆಯ ಹೆಪ್ಪು

ಸಿತ್ರಾದ ಈ ಶೆಡ್ಡಿಗೆ ಕಿಟಕಿಯಿಲ್ಲ.
ಹೊರಗೆ ಎಣ್ಣೆ ಟ್ಯಾಂಕುಗಳ ನಡುವೆ ಆಗಸ್ಟು ಬೇಯುತ್ತಿದ್ದರೂ
ಒಳಗೆ ನಾಲ್ಕು ಡಿಗ್ರಿ, ಎರಡು ಸ್ವೆಟರು, ಬಿಳಿ ಗಂಬೂಟು.
ಗಂಗೊಳ್ಳಿಯ ಬಂದರಿನಲ್ಲಿ ಮೀನು ಎಣಿಸುತ್ತ ಬೆಳೆದವಳು
ಇಲ್ಲಿ ಕೋಳಿಯ ತೊಡೆಗಳಿಗೆ ಸಹಿ ಹಾಕುತ್ತೇನೆ.

ಮೊದಲು ಸೋಯಾ.
ಒಂದು ಪಾಲು ಪುಡಿಗೆ ನಾಲ್ಕು ಪಾಲು ಐಸ್ ನೀರು,
ಅವಸರ ಮಾಡಿದರೆ ಮಣ್ಣಿ ಕಾಸುವಾಗ ಕೈ ನಿಂತ ಹಾಗೆ
ಗಂಟು, ಬರೀ ಗಂಟು.
ಮಾಂಸ ನೀರು ಬಿಡದಂತೆ ಹಿಡಿದುಕೊಳ್ಳುವುದು ಅದರ ಕೆಲಸ,
ಇನ್ನೇನೂ ಅರ್ಥ ಹಚ್ಚಬೇಡಿ.
ನೂರಕ್ಕೆ ಎರಡು ಎನ್ನುತ್ತದೆ ಚೀಟಿ.
ಕೋಳಿ ತುಟ್ಟಿಯಾದ ವಾರ ಇಂಜಿನಿಯರ್ ವಜ್ದಿ
"ನಾಲ್ಕು ಹಾಕೋಣ ಜಲಜಾ" ಅಂದ.
"ಚೀಟಿಯಲ್ಲೂ ನಾಲ್ಕು ಬರೆಸಿ" ಅಂದೆ.
ನಕ್ಕು ಚಹಾ ತರಿಸಿದ. ಎರಡೇ ಉಳಿಯಿತು.

ಆಮೇಲೆ ಇದು:
ವಿಮಾನದಲ್ಲಿ ಹೆಪ್ಪುಗಟ್ಟಿ ಬಂದ ಬೆಳ್ಳಿ ಪೊಟ್ಟಣ,
ಇಪ್ಪತ್ತೈದು ಗ್ರಾಂ,
ಇನ್ನೂರು ಕಿಲೋ ಹುಳಿಯಾಗಿಸುವಷ್ಟು ಜೀವ, ನಿದ್ದೆಯಲ್ಲಿ.
ಮೇಲೆ ಬರೆದ ಹೆಸರು ನಾಲಿಗೆಗೆ ತೊಡರುತ್ತದೆ.
ಅಮ್ಮನಾದರೆ ಹೆಪ್ಪು ಎಂದು ಕರೆದು
ಚಮಚ ಹುಡುಕುತ್ತಿದ್ದಳು.

ಆ ರಾತ್ರಿ ಹುಳಿ ಹತ್ತಲಿಲ್ಲ.
ಇಪ್ಪತ್ನಾಲ್ಕು ಡಿಗ್ರಿ ಬೆಚ್ಚಗೆ, ಬೇಕಾದಷ್ಟು ತೇವ, ತಿನ್ನಲು ಸಕ್ಕರೆ,
ಕೋಲಿನ ಮೇಲೆ ಸಾಲುಸಾಲು ತೂಗಿದ ಸಾಸೇಜು.
ಸಂಜೆಗೇ ಐದೂವರೆಗೆ ಇಳಿಯಬೇಕಿದ್ದ ಮೀಟರು
ಬೆಳಗಿನ ಜಾವ ಮೂರಕ್ಕೂ ಆರರಲ್ಲೇ ಕೂತಿತ್ತು.
ಬೇರೆ ಮೀಟರು ತಂದೆ. ಅದೂ ಆರು.
ಮೂಸಿದೆ. ಹಸಿ ಮಾಂಸ, ಬೆಳ್ಳುಳ್ಳಿ, ಅಷ್ಟೇ.

ಫ್ರೀಜರಿನ ಪ್ಲಗ್ಗು ನೆಲದ ಮೇಲಿತ್ತು.
ಅದರ ತೂತಿನಲ್ಲಿ ಒಂದು ಮೊಬೈಲು ಚಾರ್ಜರು,
ಚಾರ್ಜರಿಗೆ ಆತುಕೊಂಡು ಖಿಮ್‌ಲಾಲ್.
ಏನೂ ಕೇಳುವ ಮೊದಲೇ ಫೋನು ನನ್ನ ಮುಖಕ್ಕೆ ಹಿಡಿದ:
ರೋಲ್ಪಾದ ಯಾವುದೋ ಆಸ್ಪತ್ರೆ, ಹಳದಿ ಟವಲು,
ಮುಷ್ಟಿಯಷ್ಟು ಕೆಂಪು ಮುಖ.
"ಬೇಟಿ," ಅಂದ. ನಿನ್ನೆಯಿಂದ ಲೈನು ಕಟ್ಟಾಗಿರಲಿಲ್ಲವಂತೆ.

ಇನ್ನೂರು ಕಿಲೋ ಕಸದ ತೊಟ್ಟಿಗೆ ಎಳೆದೆವು, ಇಬ್ಬರೇ.
ಸೋಯಾ ತನ್ನ ಪಾಲು ಮುಗಿಸಿತ್ತು,
ಎಲ್ಲೂ ಒಂದು ಹನಿ ನೀರು ಬಿಟ್ಟಿರಲಿಲ್ಲ.

ರಿಜಿಸ್ಟರಿನಲ್ಲಿ 'ಕಾರಣ' ಎಂಬ ಕಾಲಮ್ಮು.
ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ.
ಎರಡನ್ನು ನಾಲ್ಕು ಮಾಡಲು ಬಿಡದ ಕೈ ಇದೇ.
'ಪ್ಲಗ್ ಸಡಿಲ' ಎಂದು ಬರೆದೆ.
ಸಡಿಲಿಸಿದ್ದು ಯಾರೆಂದು ಕೇಳುವ ಕಾಲಮ್ಮಿಲ್ಲ.
ವಜ್ದಿ ಓದಿದ, ನನ್ನನ್ನು ನೋಡಿದ, ಚಹಾ ತರಿಸಲಿಲ್ಲ.

ಶುಕ್ರವಾರ ಮಗ್ರಿಬ್ ಬಾಂಗು ಮುಗಿದ ಮೇಲೆ
ಬಾಗಿಲಲ್ಲಿ ಖಿಮ್‌ಲಾಲ್, ಕೈಯಲ್ಲಿ ಸ್ಟೀಲು ಲೋಟ.
ಕ್ಯಾಂಪಿನಲ್ಲಿ ಹನ್ನೆರಡು ಜನರಿಗೆ ಮೊಸರಾಗಬೇಕು,
ಹೆಸರಿಡುವ ದಿನವಂತೆ, ಅಲ್ಲಿ.
ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು,
ನಮ್ಮತ್ತೆ ಇದ್ದಿದ್ದರೆ ಬಾಗಿಲಿಗೇ ಅಡ್ಡ ನಿಲ್ಲುತ್ತಿದ್ದರು.
ರಾತ್ರಿ ಪಾಳಿಯವರಿಗೆ ಸಂಜೆ ಎಂದರೆ ಬೆಳಗು,
ಎಂದುಕೊಂಡು ಎರಡು ಚಮಚ ಹಾಕಿದೆ.
"ಫ್ರಿಜ್ಜಿನಲ್ಲಿಡು," ಅಂದೆ. "ಪ್ಲಗ್ಗು ನೋಡಿಕೊಂಡು."