ಉಪ್ಪು ಮುಗಿದಿದೆ

ಹೊಳೆ ಬಸ್‌ಸ್ಟಾಪಿನ ಹಿಂದೆ ಹಾಲೇಶನ ಪಂಕ್ಚರ್ ಅಂಗಡಿ.
ಅಲ್ಲಿ ಈ ಜಗಳಕ್ಕೆ ಹದಿನಾರು ವರ್ಷ.
ಜಗಳ ಒಂದೇ: 'ಎರಡನೇ ಪಾಳಿ' ನುಡಿಸಿದ್ದರಲ್ಲೆಲ್ಲ
'ಉಪ್ಪು ಮುಗಿದಿದೆ'ಯೇ ಮೇಲೋ, ಅಲ್ಲವೋ.

ಹೌದು ಅನ್ನುವವನು ಹಾಲೇಶ.
ಅಲ್ಲ ಅನ್ನುವವನು ಇಲಿಯಾಸ್, ದುರ್ಗಿಗುಡಿಯಲ್ಲಿ
ಮದುವೆ ಮುಂಜಿಗೆ ಮೈಕು ಬಾಡಿಗೆ ಕೊಡುವವನು.
ಹಳೇ ಟೈರಿನ ಮೇಲೆ ಕೂತು ಟೀ ಕುಡಿಯುವವನು ನಾನು.
ಆ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನನ್ನದು.
ಇಬ್ಬರಿಗೂ ಗೊತ್ತು. ಇಬ್ಬರೂ ಕೇಳಿಲ್ಲ.

ಹಾಲೇಶ ಸ್ಪ್ಯಾನರಿನಿಂದ ರಿಮ್ಮಿಗೊಂದು ಬಡಿದು ಶುರುಮಾಡುತ್ತಾನೆ:
"ಮೊದಲನೇ ಏಟೇ ಕೇಳು,
ಊಟಕ್ಕೆ ಕೂತವನು ದಡಕ್ಕನೆ ಎದ್ದ ಹಾಗೆ.
ಪಾಪ, ಸಿರಿಲ್‌ಗೆ ಅವತ್ತು ಗಂಟಲು ಕಟ್ಟಿತ್ತು.
ಕಟ್ಟಿದ ಗಂಟಲಲ್ಲೇ ಕೂಗಿದ.
ಸರಿಯಿದ್ದ ಗಂಟಲಲ್ಲಿ ಅವನು ಅಷ್ಟು ನಿಜ ಹೇಳಿದ್ದು ನಾನಂತೂ ಕಾಣೆ.
ಮತ್ತೆ ಆ ನಲವತ್ತು ಸೆಕೆಂಡು!"
ಅನ್ನುವಾಗ ಕೈಯ ಟ್ಯೂಬು ನೀರಿನಿಂದ ಮೇಲೇಳುತ್ತದೆ, ತೊಟ್ಟಿಕ್ಕುತ್ತ.

ಕಾಲೇಜಿನ ಸಭಾಂಗಣ. ಮಾರ್ಚ್. ಪರೀಕ್ಷೆಗೆ ಹತ್ತು ದಿನ.
ಮೂರನೇ ಚರಣದ ತುದಿಗೆ ಗಿಟಾರು ಏರುತ್ತಿದ್ದಾಗ
ಕರೆಂಟು ಹೋಯಿತು.
ಉಳಿದದ್ದು ಓಂಕಾರನ ಡ್ರಮ್ಮು,
ಅದಕ್ಕೆ ಯಾವ ವೈರಿನ ಹಂಗೂ ಇಲ್ಲ,
ಮತ್ತು ಕತ್ತಲಲ್ಲಿ, ಮೈಕಿಲ್ಲದೆ, ಸಿರಿಲ್.
ಒಂದೇ ಸಾಲು. ಅವರಮ್ಮ ಅಡುಗೆಮನೆಯಿಂದ
ದಿನಾ ಕೂಗುತ್ತಿದ್ದ ಸಾಲು.
ಹಿಂದಿನ ಬೆಂಚು ಅದನ್ನು ಹಿಡಿಯಿತು, ಬಾಲ್ಕನಿ ಹಿಡಿಯಿತು,
ಗೇಟಿನ ವಾಚ್‌ಮನ್ನೂ ಹಿಡಿದನಂತೆ.
ಇಲಿಯಾಸನ ಬ್ಯಾಟರಿ ಟೇಪ್‌ರೆಕಾರ್ಡರ್ ಮಾತ್ರ
ತನ್ನ ಪಾಡಿಗೆ ತಿರುಗುತ್ತಿತ್ತು.
ಕರೆಂಟು ಬಂದದ್ದೇ
ಎಲ್ಲ ವಾದ್ಯವೂ ಒಂದೇ ಏಟಿಗೆ ಬಿದ್ದವು,
ಬಾಗಿಲು ಒದ್ದು ಒಳಬಂದ ಹಾಗೆ.

"ಅದಕ್ಕೇ ಅಲ್ಲ ಅನ್ನೋದು," ಅಂತಾನೆ ಇಲಿಯಾಸ್.
"ಅದು ಬ್ಯಾಂಡಿನ ಕೆಲಸವೇನೋ? ಲೈನ್‌ಮನ್ನನ ಕೆಲಸ.
ಕ್ಯಾಸೆಟ್ಟಿನ ಮೇಲೆ ಅವನ ಹೆಸರು ಹಾಕಬೇಕಿತ್ತು.
ಹಾಡು ಅಂದರೆ 'ಸೈರನ್'. ಏಳು ನಿಮಿಷ.
ಭದ್ರಾವತಿಯ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಬೆವರಿಳಿಸಿ ಕಟ್ಟಿದ್ದು.
ಎಲ್ಲಿ ಬೇಕಾದರೂ ಬಿಚ್ಚಿ ನೋಡು, ಒಂದು ಸ್ಕ್ರೂ ಸಡಿಲ ಇಲ್ಲ."

"ಸ್ಕ್ರೂ ಬಿಗಿ ಇದ್ದರೆ ಗಾಡಿ ಓಡುತ್ತೇನಯ್ಯ?
ಗಾಳಿ ಬೇಕು, ಗಾಳಿ."

"ಅದೃಷ್ಟಕ್ಕೆ ಮಾರ್ಕ್ಸು ಕೊಡೋ ಮೇಷ್ಟ್ರು ನೀನೊಬ್ಬನೇ."

"ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆಯೇ ಇದೆ.
ನಿನ್ನ ಸೈರನ್ನಿಗೆ ಯಾವ ಗಾದೆ ಇದೆ, ಹೇಳು ನೋಡೋಣ."

ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಗೋಬಿ ಬರುತ್ತದೆ.
ಒಂದು ಪ್ಲೇಟು, ಮೂರು ಕಡ್ಡಿ,
ತಿನ್ನುವಷ್ಟು ಹೊತ್ತು ಕದನವಿರಾಮ.

ನನ್ನ ತೊಡಕು ಇಷ್ಟೆ:
ನಮ್ಮ ಅತ್ಯುತ್ತಮ ಹಾಡಿನ ಅತ್ಯುತ್ತಮ ನಲವತ್ತು ಸೆಕೆಂಡಿನಲ್ಲಿ
ನಾನಿಲ್ಲ.
ಕ್ಯಾಸೆಟ್ಟು ಎಷ್ಟು ಸಲ ಹಾಕಿದರೂ ಇಲ್ಲ.
ಹೌದು ಅಂದರೆ ನನ್ನ ಹೆಸರು ನಾನೇ ಹೊಡೆದುಹಾಕಿದ ಹಾಗೆ.
ಅಲ್ಲ ಅಂದರೆ ಹೊಟ್ಟೆಕಿಚ್ಚು ಅಂತಾರೆ,
ಅಂದರೆ ತಪ್ಪೂ ಅಲ್ಲ.

ಆದರೆ ಕತ್ತಲಲ್ಲಿ ಕೈ ನಿಂತಿರಲಿಲ್ಲ.
ಸತ್ತ ತಂತಿಗಳ ಮೇಲೆ ಹೆಬ್ಬೆರಳು ಹೋಗುತ್ತಲೇ ಇತ್ತು,
ಟಪ್, ಟಪ್, ಬೆರಳಿಗಷ್ಟೇ ಕೇಳುವ ಹಾಗೆ.
ನನ್ನ ಮೊಣಕಾಲು ಓಂಕಾರನ ಸ್ಟೂಲಿಗೆ ತಾಗಿತ್ತು.
ಅವನು ತಿರುಗಿದ್ದು ಕಾಣಲಿಲ್ಲ, ಗೊತ್ತಾಯಿತು.
ಎಣಿಸಿದೆ. ಎಣಿಸಿದ.
ಬೆಳಕು ಬಂದಾಗ ಎಲ್ಲರೂ ಒಂದೇ ಜಾಗದಲ್ಲಿದ್ದದ್ದು
ಲೈನ್‌ಮನ್ನನ ಕೃಪೆಯಿಂದಲ್ಲ.

ಇದನ್ನು ಇವರಿಗೆ ಹೇಳಿಲ್ಲ.
ಓಂಕಾರ ಹೋಗಿ ನಾಲ್ಕು ವರ್ಷ, ಸಾಕ್ಷಿಗೆ ಯಾರಿದ್ದಾರೆ.
ಹೇಳಿದರೆ ಹಾಲೇಶ ಗೆಲ್ಲುತ್ತಾನೆ,
ಅವನು ಗೆದ್ದರೆ ನಾಳೆ ಇಲಿಯಾಸ್ ಯಾತಕ್ಕೆ ಬರಬೇಕು?

ಹಾಲೇಶ ಟ್ಯೂಬನ್ನು ಮತ್ತೆ ಬೋಗುಣಿಗೆ ಅದ್ದುತ್ತಾನೆ,
ಇಷ್ಟಿಷ್ಟೇ ಹಿಸುಕಿ ತಿರುಗಿಸುತ್ತಾನೆ.
ಹೊಳೆಹೊನ್ನೂರಿನ ಕಡೇ ಬಸ್ಸು ಹಾರ್ನು ಹೊಡೆಯುತ್ತದೆ.
ಮೂವರೂ ಬಗ್ಗಿ ನೋಡುತ್ತೇವೆ
ಗುಳ್ಳೆ ಎಲ್ಲಿ ಏಳುತ್ತದೆ ಅಂತ.